ದಾರದ ದುಡ್ಡಿಗೆ ಯಾವ ಫಾರ್ಮು?

ನಮ್ಮ ದೊಡ್ಡೇರಿ ಕಡೆ ಪರಿಚಯದವಳ ಹತ್ತಿರ ರವಿಕೆ ಹೊಲಿಸಿಕೊಂಡ ಹೆಂಗಸರು ಕೂಲಿ ಎಷ್ಟೆಂದು ಕೇಳುವುದಿಲ್ಲ. ನೋಟು ಮಡಿಸಿ ಕೈಗಿಟ್ಟು, "ದಾರಕ್ಕೆ ಇಟ್ಕೊ ಕಣಮ್ಮ" ಅನ್ನುತ್ತಾರೆ. ನಾನು ಹಗಲು ಖಾಸಗಿ ಶಾಲೆಯ ಮೇಡಂ, ಸಂಜೆ ಇಂಥ ದಾರದ ದುಡ್ಡಿನವಳು. "ನಮ್ ಸೊಸೆ ಹೊತ್ತು ಹೋಗ್ಲಿ ಅಂತ ಹೊಲೀತಾಳೆ" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡಿದ್ದರು. ನನಗೂ ಅದೇ ಹಿತವಾಗಿತ್ತು. ಮೇಡಂ ಕೂಲಿಗೆ ಹೊಲಿಯುತ್ತಾಳೆ ಅಂತ ಯಾರು ಹೇಳಿಸಿಕೊಳ್ಳುತ್ತಾರೆ?

ಆದರೆ ಮಧುಗಿರಿಯಲ್ಲಿ ನನ್ನದೇ ಒಂದು ಹೊಲಿಗೆ ಅಂಗಡಿ ಇಡಬೇಕೆಂಬ ಆಸೆ ಬಿಡಲಿಲ್ಲ. ಸಾಲ ಕೇಳಿದರೆ ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ ತನ್ನಿ ಅಂದರು. ಜನ್ಮದಲ್ಲಿ ಅದನ್ನು ಸಲ್ಲಿಸಿದವಳಲ್ಲ. ಪೇಟೆಯಲ್ಲಿ ರಿಟರ್ನ್ ತುಂಬಿಕೊಡುವ ಒಬ್ಬರ ಆಫೀಸಿಗೆ ಹೊರಟೆ. ಸರದ ಕೊಂಡಿ ಸರಿಮಾಡಿಸುವುದಿದೆಯೆಂದು ಅತ್ತೆಯೂ ಬಂದರು.

"ಸಂಬಳ ಬಿಟ್ಟು ಬೇರೆ ಸಂಪಾದನೆ ಇದೆಯಾ ಮೇಡಂ?" ಎಂದು ಆಫೀಸಿನವರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇನ್ನೇನಿರ್ತದಪ್ಪ? ಮಕ್ಳಿಗೆ ಪಾಠ ಮಾಡ್ತಾಳೆ ಅಷ್ಟೆ" ಅಂದರು. ನಾನೂ ಹೌದೆಂದು ತಲೆಯಾಡಿಸಿದೆ.

"ಹಂಗಾದ್ರೆ ಬರೀ ಸಂಬಳದೋರ ಒಂದನೇ ಫಾರ್ಮು, ಸುಲಭ. ಅಂದಹಾಗೆ ಸಾಲ ಯಾತಕ್ಕೆ?"

"ಹೊಲಿಗೆ ಅಂಗಡಿಗೆ."

ಅವರು ಟೈಪು ಮಾಡುವುದನ್ನು ನಿಲ್ಲಿಸಿದರು. "ಹೊಲಿದು ಏನೂ ಸಂಪಾದಿಸಿಲ್ಲ ಅಂತ ಬರೆದ್ರೆ ಹೊಲಿಗೆ ಅಂಗಡಿಗೆ ಯಾರು ಸಾಲ ಕೊಡ್ತಾರೆ? ಹೊಲಿದು ದುಡ್ಡು ತಗೊಳ್ತಿದ್ರೆ ಅದು ವ್ಯಾಪಾರ. ಆಗ ಒಂದನೇದು ತುಂಬಂಗೇ ಇಲ್ಲ, ನಾಲ್ಕನೇ ಫಾರ್ಮು. ಹೊಲೀತೀರೋ ಇಲ್ವೋ ಹೇಳಿ."

ಬೆಂಚಿನ ಮೇಲೆ ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಕೂತಿದ್ದರು. "ಹೊಲೀತೀನಿ" ಅಂದೆ. ಆಫೀಸಿನವರು ಕೇಳಿಸಲಿಲ್ಲ ಅಂದರು. ಜೋರಾಗಿ ಇನ್ನೊಮ್ಮೆ ಹೇಳಬೇಕಾಯಿತು. ಅವರು ನಾಲ್ಕನೇ ಫಾರ್ಮು ತುಂಬತೊಡಗಿದರು. ಅತ್ತೆ ಎದ್ದು ಹೊರಗೆ ಹೋದರು. ಅವರ ಮೈಮೇಲಿದ್ದ ರವಿಕೆಯೂ ನಾನೇ ಹೊಲಿದದ್ದು. ಬಸ್ಸಿನಲ್ಲಿ ಅವರು ನನ್ನನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು. ಮನೆಯ ಮಾನ ಕಳೆದವಳಂತೆ ನಾನೂ ಕಿಟಕಿಯಾಚೆ ನೋಡುತ್ತಾ ಕೂತೆ.

ಸಂಜೆ ಪಕ್ಕದ ಬೀದಿಯಾಕೆ ರವಿಕೆ ಒಯ್ಯಲು ಬಂದರು. ನೋಟು ಮಡಿಸಿ, "ದಾರಕ್ಕೆ ಇಟ್ಕಳಮ್ಮ" ಅಂದರು. ನಾನು ಎಂದಿನಂತೆ ಕೈ ಚಾಚಿದೆ.

ಒಳಗಿನಿಂದ ಅತ್ತೆಯ ದನಿ ಬಂತು: "ದಾರಕ್ಕಲ್ಲ ಕಣಮ್ಮ, ಹೊಲಿದಿದ್ಕೆ ಕೊಡು. ಸರ್ಕಾರಕ್ಕೇ ಹೇಳ್ಬುಟ್ಟು ಬಂದವ್ಳೆ, ಇನ್ನು ನಿನ್ನತ್ರ ಎಂಥ ನಾಚ್ಕೆ?"

ಆಕೆ ತಬ್ಬಿಬ್ಬಾಗಿ, "ಎಷ್ಟಾಯ್ತು?" ಎಂದು ನನ್ನನ್ನೇ ಕೇಳಿದರು. ಅಂಗಡಿ ಇಡಲು ಹೊರಟವಳ ಬಾಯಿಂದ ಒಂದು ದರ ಹೊರಡಲಿಲ್ಲ. ಇಷ್ಟು ವರ್ಷ ಅತ್ತೆಯ ಸೆರಗಿನ ಮರೆಯಲ್ಲಿ ಅಡಗಿ ಕೂತಿದ್ದವಳು ನಾನೇ ಎಂದು ಆಗ ಅರಿವಾಯಿತು. ತಲೆ ತಗ್ಗಿಸಿ, ಮಡಿಲಲ್ಲಿದ್ದ ಇನ್ನೊಂದು ರವಿಕೆಗೆ ಹುಕ್ಕು ಹಾಕತೊಡಗಿದೆ. ದರ ಅತ್ತೆಯೇ ಹೇಳಿದರು.