ಕಾಕಾ ಟೈಪ್ ಮಾಡಿದ ಸಂದರ್ಶನ

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೊಬೈಲು ಟಿಣ್ ಎಂದಿತು. ಕೆಲಸ ಕೊಡುವವರೂ ಕೆಲಸ ಬೇಕಾದವರೂ ನೆರೆಯುವ ಒಂದು ಜಾಲತಾಣವಿದೆಯಲ್ಲ, ಅದು ಒಂದು ಫೋಟೋ ತೋರಿಸಿ 'ಇವರು ನಿಮಗೆ ಗೊತ್ತಿರಬಹುದು' ಎಂದಿತು. ನೋಡಿದರೆ ನಮ್ಮ ಮಹಾದೇವಿ. ದಿನಾ ಆಫೀಸಿನಲ್ಲಿ ನನ್ನ ಡಬ್ಬಿಯ ಶೇಂಗಾ ಹಿಂಡಿಗೆ ಕೈ ಹಾಕುವವಳು. ಗೊತ್ತಿರಬಹುದಂತೆ! ಚಹಾ ನೆತ್ತಿಗೇರುವಷ್ಟು ನಕ್ಕೆ. ಅವಳನ್ನು ಗೊತ್ತು ಮಾಡಿಸಿದವನು ನಮ್ಮ ಕಾಕಾ. ಅದೂ ಇಂಟರ್‌ನೆಟ್ಟಿನಲ್ಲೇ, ಈ ತಾಣಗಳೆಲ್ಲ ಕಣ್ಣು ಬಿಡುವ ಮೊದಲೇ.

ನಿಮಗೆ ಕಾಕಾನ ಪರಿಚಯವಿಲ್ಲ, ತಡೆಯಿರಿ. ನಮ್ಮಪ್ಪನ ತಮ್ಮ. ಜೇವರ್ಗಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದ. ಬೆರಳು ಓಡತೊಡಗಿದರೆ ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ. ಆದರೆ ಎದುರು ಕೂತ ಕಕ್ಷಿದಾರನ ಊರು ಯಾವುದು, ಬೀಗರು ಯಾರು ಎಂದು ತಿಳಿಯುವ ತನಕ ಒಂದಕ್ಷರವೂ ಬೀಳುತ್ತಿರಲಿಲ್ಲ. ನಮ್ಮ ಕಡೆ ಇದು ಎಲ್ಲರ ಪದ್ಧತಿಯೇ. ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ ಏನಾದರೊಂದು ಸಂಬಂಧ ಹತ್ತದಿದ್ದರೆ, ಊರು ಬಂದರೂ ನಮಗೆ ಇಳಿಯಲು ಮನಸ್ಸಾಗುವುದಿಲ್ಲ. ಕಾಕಾ ಅದರಲ್ಲಿ ಒಂದು ಕೈ ಮೇಲು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಬೇಸಿಗೆಯೊಳಗೆ ಕೆಲಸ ಸಿಗದಿದ್ದರೆ ಮದುವೆ ಎಂದು ಮನೆಯಲ್ಲಿ ಠರಾವಾಗಿತ್ತು. ನನಗೆ ಕೆಲಸ ಬೇಕೇ ಬೇಕಿತ್ತು. ಅಷ್ಟರಲ್ಲಿ ಹೈದರಾಬಾದಿನ ಕಂಪನಿಯೊಂದು ತನ್ನ ಕಲಬುರಗಿ ಆಫೀಸಿಗೆ ಒಬ್ಬರನ್ನು ತೆಗೆದುಕೊಳ್ಳುತ್ತದೆಂದೂ, ಸಂದರ್ಶನ ಕಂಪ್ಯೂಟರಿನ 'ಚಾಟ್ ರೂಮಿ'ನಲ್ಲೆಂದೂ ಸುದ್ದಿ ಬಂತು. ಅಭ್ಯರ್ಥಿಗಳು ಎಲ್ಲೇ ಕೂತಿರಲಿ, ಒಂದೇ ಪರದೆಯಲ್ಲಿ ಎಲ್ಲರಿಗೂ ಕಾಣುವಂತೆ ಉತ್ತರ ಟೈಪ್ ಮಾಡಬೇಕು. ನಾನು ಒಂದು ಅಕ್ಷರ ಹುಡುಕುವಷ್ಟರಲ್ಲಿ ಎಮ್ಮೆ ಹಿಂಡಿ ಬರಬಹುದಿತ್ತು. ಹಾಗಾಗಿ ಕಾಕಾನನ್ನು ಕರೆದೊಯ್ದೆ. ಒಪ್ಪಂದ ಇಷ್ಟೇ: ನಾನು ಹೇಳುವುದು, ಅವನು ಬಡಿಯುವುದು. ಕಂಪ್ಯೂಟರಿಗೆ ಕಣ್ಣಿಲ್ಲ ಎಂದರೂ ಕೇಳದೆ ಇಸ್ತ್ರಿ ಧೋತರ ಉಟ್ಟು, ಟೋಪಿ ಇಟ್ಟುಕೊಂಡು ಬಂದಿದ್ದ.

ಕಲಬುರಗಿಯ ಬ್ರೌಸಿಂಗ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ ಒಂದೇ ಕುರ್ಚಿಯನ್ನು ಇಬ್ಬರೂ ಹಂಚಿಕೊಂಡು ಕೂತೆವು. ಮೊದಲ ಪ್ರಶ್ನೆಗಳಿಗೆಲ್ಲ ನನ್ನ ಉತ್ತರವೇ ಮುಂದು. ಕೆಲಸ ಕೈಗೆ ಬಂದೇಬಿಟ್ಟಿತು ಎಂದು ಹಿಗ್ಗುತ್ತಿದ್ದೆ. ಆಗ ಮಹಾದೇವಿ ಎಂಬ ಹೆಸರಿನ ಎದುರು ಒಂದು ಚೆಂದದ ಉತ್ತರ ಮೂಡಿತು. ಕಾಕಾನ ಬೆರಳು ನಿಂತಿತು.

"ಈಕಿ ಯಾವ ಊರಾಕಿ ಇರಬೇಕು?"

ಅದೆಲ್ಲ ನಮಗ್ಯಾಕೆ, ಮುಂದಿನ ಪ್ರಶ್ನೆ ಬಂದಿದೆ ಎಂದೆ.

"ಊರು ಕೇಳಲಾರದ ಒಂದ ರೂಮಿನ್ಯಾಗ ಕುಂದ್ರೂದು ಯಾವ ರೀತಿ ಬೇ?" ಎಂದವನೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬಡಿದುಬಿಟ್ಟ: ಯಾವ ಊರವ್ವಾ ನಿಂದು?

ಹೈದರಾಬಾದಿನ ಸಾಹೇಬರು ತಮ್ಮ ಪ್ರಶ್ನೆಯನ್ನೇ ಮತ್ತೊಮ್ಮೆ ಹಾಕಿದರು. ಅದರ ಕೆಳಗೆ, ಅಫಜಲಪುರ ತಾಲೂಕು ಸೊನ್ನ ಎಂದು ಮಹಾದೇವಿಯ ಉತ್ತರ ಬಂತು. ಕಾಕಾ ಹುರುಪಿನಲ್ಲಿ ಎದ್ದುನಿಂತ. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅವನ ದೊಡ್ಡವ್ವನ ಮಗಳನ್ನು ಕೊಟ್ಟದ್ದು ಸೊನ್ನಕ್ಕೇ. ಅವಳ ಹೆಸರು, ಗಂಡನ ಹೆಸರು, ಮನೆ ಮುಂದಿನ ಹುಣಸೆ ಮರ, ಎಲ್ಲವೂ ಪರದೆಯ ಮೇಲೆ ಮೆರವಣಿಗೆ ಹೋದವು. ಇದಕ್ಕೆ ಉತ್ತರ ಪರದೆಯಲ್ಲಿ ಬರಲಿಲ್ಲ. ಪ್ಲೈವುಡ್ಡಿನ ಆಚೆಯಿಂದ ಬಂತು.

"ಅವ್ರು ನಮ್ಮ ಕಾಕು ಆಗಬೇಕ್ರಿ."

ಅವಳ ಚಿಕ್ಕಮ್ಮನಂತೆ! ಮಹಾದೇವಿ ಪಕ್ಕದ ಗೂಡಿನಲ್ಲೇ ಇದ್ದಳು! ಕಾಕಾ ಹೊರಗೆ ಧಾವಿಸಿ, ಅವಳ ಗೂಡಿನ ಬಾಗಿಲಲ್ಲಿ ನಿಂತು ಸೊನ್ನದ ಮನೆಮನೆಯ ಕ್ಷೇಮ ವಿಚಾರಿಸಿ, ಎಲ್ಲರಿಗೂ ಚಹಾ ಹೇಳಿದ. ಅವಳು ಅವನಿಗೆ ಹೂಂಗುಡುತ್ತಲೇ ತನ್ನ ಉತ್ತರಗಳನ್ನೂ ಟೈಪ್ ಮಾಡಿದಳು. ನಾನು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತಿರುವಾಗಲೇ ಸಂದರ್ಶನ ಮುಗಿದೇಹೋಯಿತು.

ಜೇವರ್ಗಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಕಾಕಾನ ಮೇಲೆ ಮೈಯೆಲ್ಲ ಉರಿ. ಅವನು ಮಾತ್ರ ಚುರುಮುರಿಯ ಪೊಟ್ಟಣ ನನ್ನ ಮಡಿಲಿಗಿಟ್ಟು, "ಕೆಲಸಾ ಇವತ್ತಲ್ಲ ನಾಳಿ ಸಿಗ್ತದವ್ವಾ. ಮಂದಿ ಸಿಗಬೇಕಲ್ಲ" ಎಂದ. ಸಿಟ್ಟಿಗೆ ಪೊಟ್ಟಣವನ್ನೆಲ್ಲ ಒಬ್ಬಳೇ ತಿಂದೆ.

ಕೆಲಸ ಮಹಾದೇವಿಗೇ ಆಯಿತು. ನಮ್ಮ ಮನೆಯಲ್ಲಿ ವರನ ಹುಡುಕಾಟ ಶುರುವಾಯಿತು. ಒಂದು ಭಾನುವಾರ ಬಾಗಿಲಲ್ಲಿ ಸದ್ದಾದಾಗ ವರನ ಕಡೆಯವರೇ ಬಂದರೆಂದು ಹಿತ್ತಲಿಗೆ ಓಡಿದೆ. ಬಂದವಳು ಮಹಾದೇವಿ. ಕಲಬುರಗಿಯಿಂದ ಬಸ್ ಹತ್ತಿ, ಟೋಪಿಯ ಟೈಪಿಸ್ಟ್ ಮನೆ ಯಾವುದೆಂದು ಕೇಳುತ್ತ ಬಂದಿದ್ದಳು.

"ಆಫೀಸಿನ್ಯಾಗ ಇನ್ನೊಬ್ರು ಬೇಕಾಗ್ಯಾರ. ನಮ್ಮ ಅಕ್ಕ ಒಬ್ಬಾಕಿ ಅದಾಳ್ರಿ, ಅಂತ ಹೇಳಿ ಬಂದೀನಿ" ಎಂದಳು.

ಅಂಗಳದ ನಡುವೆಯೇ ಅವಳನ್ನು ಅಪ್ಪಿಕೊಂಡು ಕುಣಿದುಬಿಟ್ಟೆ. ಕಾಕಾ ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಿದ್ದ. ಹತ್ತು ಬೆರಳಿನಲ್ಲಿ ಟೈಪ್ ಮಾಡುವುದನ್ನು ಮುಂದೆ ನನಗೆ ಕಲಿಸಿದವಳೂ ಮಹಾದೇವಿಯೇ.

ಕಾಕಾ ಈಗಿಲ್ಲ. ಕೆಲಸಕ್ಕೆ ಜನರನ್ನು ಆರಿಸುವುದು ಈಗ ನನ್ನ ಪಾಲಿಗೆ ಬಂದಿದೆ. ಇವತ್ತು ಮಧ್ಯಾಹ್ನ ಪರದೆಯ ಆಚೆ ಒಬ್ಬ ಹುಡುಗಿ ಮತ್ತೆ ಮತ್ತೆ ದುಪಟ್ಟಾ ಸರಿಪಡಿಸಿಕೊಳ್ಳುತ್ತ ಕೂತಿದ್ದಳು. ಮೊದಲು ಕೇಳಬೇಕಾದ ಪ್ರಶ್ನೆ 'ನಿಮ್ಮ ಬಗ್ಗೆ ಹೇಳಿ' ಎಂದು ಕಂಪನಿಯ ಅಪ್ಪಣೆ. ಇಷ್ಟು ವರ್ಷ ಅದನ್ನೇ ಕೇಳಿದ್ದೇನೆ. ಇವತ್ತು ನಾಲಗೆ ಬೇರೆ ದಾರಿ ಹಿಡಿಯಿತು.

"ಯಾವ ಊರವ್ವಾ ನಿಂದು?"

ಹುಡುಗಿಯ ಬಿಗಿದ ಹೆಗಲು ಇಳಿಯಿತು. ಆಳಂದ ತಾಲೂಕು ಕಿಣ್ಣಿ ಸುಲ್ತಾನ ಎಂದಳು. ಮುಂದೇನು ಕೇಳಲಿ ಎಂದು ಯೋಚಿಸುತ್ತಿರುವಾಗಲೇ ಮಹಾದೇವಿ ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ನನ್ನ ಪರದೆಗೆ ಮುಖ ಒಡ್ಡಿದಳು.

"ಕಿಣ್ಣಿ ಸುಲ್ತಾನದಾಗ ಯಾರ ಮನಿಯವ್ವಾ?"