ಕಂಪ್ಯೂಟರಿನ ಮುಂದಿನ ಕುರ್ಚಿ

ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ನನ್ನಪ್ಪ ಚೀಲ ಹೊರುತ್ತಾನೆ. ಅದೇ ಮಿಲ್ಲಿನ ಆಫೀಸಿನಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹೊಸಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಬಿ.ಕಾಂ. ಮಾಡಿದೆ, ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಆಫೀಸಿನ ಕಿಟಕಿಯಾಚೆ ಹಮಾಲರು ಚಹಾ ಕುಡಿಯುವ ಕಟ್ಟೆ ಇದೆ. ಅಪ್ಪ ಅಲ್ಲಿ ಯಾವಾಗಲೂ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾನೆ, ಮಗಳು ಕೀಬೋರ್ಡು ಒತ್ತುವುದು ಕಾಣಲಿ ಅಂತ.

ಆದ್ದರಿಂದ ಹೊಸ ಹುಡುಗಿ ಕೆಲಸಕ್ಕೆ ಸೇರಿದ ದಿನ ನನಗಾದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಇಡುವುದಿಲ್ಲ. ಆಕೆ ಹೊಸಪೇಟೆಯವಳು. ಅಪ್ಪ ಕಾಲೇಜಿನಲ್ಲಿ ಪಾಠ ಹೇಳುವವರು, ಅಮ್ಮ ಬ್ಯಾಂಕಿನಲ್ಲಿ. ನಾನು ದುಡ್ಡು ಕಟ್ಟಿ, ಸರದಿ ಕಾದು ಕಲಿತ ಕಂಪ್ಯೂಟರನ್ನು ಆಕೆ ಮನೆಯ ಪಡಸಾಲೆಯಲ್ಲಿ ಆಟವಾಡುತ್ತ ಕಲಿತಿದ್ದಳು. ಹೆಗಲಿಗೆ ತನ್ನದೇ ಲ್ಯಾಪ್‌ಟಾಪು. ಬಂದ ದಿನವೇ ಮಿಲ್ಲಿನ ಸಾವ್ಕಾರರು ಆಕೆಯನ್ನು 'ಮೇಡಂ' ಅಂದರು. ನಾನು ಇಷ್ಟು ವರ್ಷ ಬಿಲ್ಲು ತೆಗೆದರೂ ಅವರಿಗೆ 'ಏನಬೇ ಹುಡುಗಿ'ಯೇ.

ನನ್ನ ಗ್ರಹಚಾರಕ್ಕೆ ಅದೇ ಹೊತ್ತಿನಲ್ಲಿ ಕಂಪ್ಯೂಟರು ಕೈಕೊಟ್ಟಿತು. ಬೆಳಿಗ್ಗೆ ಊದಿನಕಡ್ಡಿ ಬೆಳಗಿ ಬಟನ್ ಒತ್ತಿದರೆ ಪರದೆಯ ಮೇಲೆ ವಿರೂಪಾಕ್ಷನ ಅರ್ಧ ಮುಖ ಬಂದು ನಿಲ್ಲುತ್ತಿತ್ತು. ಮೌಸು ಅಲ್ಲಾಡುತ್ತಿರಲಿಲ್ಲ. ಅದರ ಜೊತೆಗೆ ಏಳುವ ಶಿವನ ಹಾಡು 'ಶಿ... ಶಿ... ಶಿ...' ಎಂದು ಒಂದೇ ಅಕ್ಷರದಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಲೇ, ದೇವ್ರಿಗೆ ಬಿಕ್ಕಳಿಕಿ ಹತ್ತೈತಲೇ, ನೀರು ಕುಡಸ್ರಿ!" ಎಂದು ಕಟ್ಟೆಯಿಂದ ಹಮಾಲರು ಕೂಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಗೇಟಿನಲ್ಲಿ ಲಾರಿಗಳು ಬಿಲ್ಲಿಗಾಗಿ ಹಾರನ್ ಹೊಡೆಯತೊಡಗಿದ ಮೇಲೆ ಸಾವ್ಕಾರರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು: "ಸುಗ್ಗಿ ಸುರು ಆಗೋದ್ರೊಳಗ ಇದು ಸರಿ ಆಗ್ಲಿಲ್ಲಂದ್ರ ಬಿಲ್ಲಿನ ಕೆಲಸ ಮೇಡಮ್ಮರ ಲ್ಯಾಪ್‌ಟಾಪಿಗೆ ಹೋಗ್ತೈತಿ. ನೀ ಕಾಟಾದ ಹತ್ರ ಕುಂದ್ರು." ಕಾಟಾ ಎಂದರೆ ಗೇಟಿನ ಪಕ್ಕದಲ್ಲಿ ಲಾರಿ ತೂಗುವ ಗೂಡು. ಹಮಾಲರ ಕಟ್ಟೆಯಿಂದ ಅದು ಕಾಣುವುದೂ ಇಲ್ಲ.

ನಾನು ಬಿಡಲಿಲ್ಲ. ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗೆ ತೌಡಿನ ಧೂಳು ಹಿಟ್ಟಿನಂತೆ ಕೂತಿತ್ತು. ಬಣ್ಣ ಹಚ್ಚುವ ಬ್ರಶ್ಶಿನಿಂದ ಫ್ಯಾನು ಝಾಡಿಸಿದೆ. ರ‍್ಯಾಮ್ ಕಿತ್ತು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಹಳೆಯ ಫೈಲು ಅಳಿಸಿದೆ, ವೈರಸ್ ಹುಡುಕಿಸಿದೆ. ಮರುದಿನ ಬೆಳಿಗ್ಗೆ ಮತ್ತದೇ ಅರ್ಧ ಮುಖ, ಅದೇ ಬಿಕ್ಕಳಿಕೆ.

ಆಕೆ ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಒಂದು ದಿನ ಮೆಲ್ಲಗೆ, "ಅಕ್ಕಾ, ಸೇಫ್ ಮೋಡ್‌ನಾಗ ಒಮ್ಮೆ ಸುರು ಮಾಡಿ ನೋಡಾಣೇನು?" ಅಂದಳು. ಆ 'ಅಕ್ಕಾ' ಕೇಳಿ ಮೈ ಉರಿಯಿತು. ಆದರೂ ಮಾಡಿದೆ. ಹಾಗೆ ಎಬ್ಬಿಸಿದರೆ ಕಂಪ್ಯೂಟರು ತನಗೆ ಬೇಕೇ ಬೇಕಾದ ಪ್ರೋಗ್ರಾಮುಗಳನ್ನಷ್ಟೇ ಕರೆಯುತ್ತದೆ, ಉಳಿದ ಯಾವುದನ್ನೂ ಕರೆಯುವುದಿಲ್ಲ. ಹೊಸ ಮಷೀನಿನಂತೆ ಎದ್ದು ನಿಂತಿತು.

"ಮಷೀನು ಗಟ್ಟಿ ಐತಿ ಅಕ್ಕಾ. ಸುರು ಆಗೋವಾಗ ಅದರ ಬೆನ್ನಿಗೆ ಏಳಾವು ಭಾಳ ಅದಾವು, ನೋಡ್ರಿ," ಎಂದು ಪಟ್ಟಿ ತೆಗೆಸಿದಳು.

ಪಟ್ಟಿಯ ತುಂಬ ದೇವರು. ಚಾಲೂ ಮಾಡಿದ ಕೂಡಲೇ ದೇವರ ಮುಖ ಕಾಣಬೇಕು ಎಂಬುದು ನಮ್ಮ ಮಿಲ್ಲಿನ ಪದ್ಧತಿ. ಮೊದಲಿಗೆ ವಿರೂಪಾಕ್ಷನ ಫೋಟೊ, ಅದರ ಜೊತೆಗೊಂದು ಹಾಡು. ಆಮೇಲೆ ಸಾವ್ಕಾರತಿ ಹುಲಿಗೆಮ್ಮನ ಹಾಡು ಕೊಟ್ಟು ಕಳಿಸಿದರು. ಭತ್ತದ ದಲ್ಲಾಳಿ ಹನುಮಪ್ಪನನ್ನು ತಂದ. ಈಚೆಗೆ ಸಾವ್ಕಾರರ ಅಳಿಯ ತನ್ನೂರು ಸಂಡೂರಿನ ಕುಮಾರಸ್ವಾಮಿಯ ಅಭಿಷೇಕವನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದಿದ್ದ. ಎಲ್ಲರನ್ನೂ ಬಟನ್ ಒತ್ತಿದೊಡನೆ ಏಳುವಂತೆ ಕೂಡಿಸಿಟ್ಟಿದ್ದೆವು. ಪ್ರೋಗ್ರಾಮುಗಳನ್ನೆಲ್ಲ ನಾನು ಅನುಮಾನಿಸಿದ್ದೆ. ದೇವರೂ ಒಂದು ಪ್ರೋಗ್ರಾಮು ಎಂದು ಈ ಮಿಲ್ಲಿನಲ್ಲಿ ಯಾರಿಗೆ ತಾನೇ ಹೊಳೆದೀತು? ಹೊರಗಿನಿಂದ ಬಂದ ಆಕೆಗೆ ಹೊಳೆಯಿತು. ಅದೇ ನನ್ನ ಸಂಕಟ.

ಅಷ್ಟರಲ್ಲಿ ಸಾವ್ಕಾರರು ಒಳಬಂದರು. ಆಕೆ ಹುರುಪಿನಿಂದ, "ಸರ್, ಸಿಕ್ತು. ಇವನ್ನೆಲ್ಲ ಡಿಲೀಟ್ ಮಾಡಿದ್ರ ಮುಗೀತು," ಅಂದಳು.

"ಯಾವನ್ನ?"

"ಈ ಫೋಟೊ, ಹಾಡು, ವಿಡಿಯೊ..."

"ದೇವರನ್ನ ಡಿಲೀಟ್ ಮಾಡ್ತೀರಾ? ನನ್ನ ಗದ್ದಿಗಿ ಮುಂದ?"

"ಅಮ್ಮನ್ನ ಮುಟ್ಟಬ್ಯಾಡ್ರೀ ಮೇಡಂ, ಕೇರಿಗೆಲ್ಲ ಜ್ವರ ಬಂದಾವು!" ಎಂದು ಕಟ್ಟೆಯಿಂದ ಒಬ್ಬ ದನಿ ಹಾಕಿದ. ಆಕೆಯ ಮುಖ ಕೆಂಪಾಯಿತು. ನನಗೆ ಬೆಲ್ಲ ಚೀಪಿದಷ್ಟು ಹಿತವಾಯಿತು. ಅನುಭವಿಸಲಿ, ಅಂದುಕೊಂಡು ಸುಮ್ಮನೆ ಕೂತೆ.

"ಆ ಡಬ್ಬಿ ದೇವರ ಹೆಸರಲೇ ಹಂಗ ಇರ್ಲಿ," ಅಂದರು ಸಾವ್ಕಾರರು. "ನಿಮ್ಮ ಲ್ಯಾಪ್‌ಟಾಪ್ ತಗೀರಿ ಮೇಡಂ, ನಾಳಿಂದ ಬಿಲ್ಲು ಅದರಾಗ."

ಬಾಯಲ್ಲಿದ್ದ ಬೆಲ್ಲ ಕಹಿಯಾಯಿತು. ಈಗ ಸುಮ್ಮನಿದ್ದರೆ ಕುರ್ಚಿ ಹೋಯಿತು.

"ಸಾವ್ಕಾರ್ರೇ," ಎಂದು ಎದ್ದು ನಿಂತೆ. "ಎಲ್ಲಾ ದೇವ್ರೂ ಒಮ್ಮೆಗೆ ಬಾಗಲದಾಗ ನಿಂತ್ರ ಒಳಗ ಬರಾದು ಯಾರ್ರಿ? ಮನ್ಯಾಗ ನಾವು ಹೆಂಗ ಮಾಡ್ತೀವಿ? ಸೋಮಾರ ಶಿವಂದು, ಮಂಗಳಾರ ಅಮ್ಮಂದು, ಶನಿವಾರ ಹನುಮಪ್ಪಂದು. ಇಲ್ಲೂ ಪಾಳಿ ಹಚ್ಚಾಣ್ರಿ. ಯಾರನ್ನೂ ತಗಿಯಾದು ಬ್ಯಾಡ."

ಸಾವ್ಕಾರರು ಗದ್ದಿಗೆಯ ಮೇಲೆ ಕೂತು ಯೋಚಿಸಿದರು. "ಕುಮಾರಸ್ವಾಮಿಗೆ ಯಾವ ವಾರ ಕೊಡ್ತೀ?"

"ಬುಧವಾರ ಖಾಲಿ ಐತ್ರಿ."

"ಯಾರಿಗೂ ಬ್ಯಾಡಾದ ಬುಧವಾರ ಕೊಟ್ರ ಅಳಿಯ ಮಕ ಊದಿಸ್ತಾನ. ಗುರುವಾರ ಕೊಡು."

"ಆತ್ರಿ, ಗುರುವಾರ."

ಮಾತು ನನ್ನದೇನೋ ಗೆದ್ದಿತು. ಆದರೆ ಒಂದೊಂದು ವಾರಕ್ಕೆ ಒಬ್ಬೊಬ್ಬ ದೇವರೇ ಏಳುವಂತೆ ಕಂಪ್ಯೂಟರಿಗೆ ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಆಕೆಗೆ ಗೊತ್ತಿತ್ತು. "ಏಳ್ರಿ ಅಕ್ಕಾ, ನಾ ಕುಂತು ಮಾಡಿಬಿಡ್ತೀನಿ," ಎಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟಳು.

"ನೀ ನಿಂತು ಹೇಳು. ನಾ ಒತ್ತತೀನಿ," ಅಂದೆ.

ಆಕೆ ಹೇಳಿದಳು, ನಾನು ಒತ್ತಿದೆ. ಎರಡು ಸಲ ತಪ್ಪಿದೆ, ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು. ಪಾಳಿ ಹಚ್ಚಿದ ಮೇಲೆ ಹಳೆಯ ಪಟ್ಟಿಯಲ್ಲಿ ದೇವರುಗಳ ಎದುರಿಗಿದ್ದ ಗುರುತನ್ನು ಒಂದೊಂದಾಗಿ ತೆಗೆದೆವು. ಫೋಟೊ, ಹಾಡು, ವಿಡಿಯೊ ಎಲ್ಲ ಇದ್ದಲ್ಲೇ ಉಳಿದವು.

ಸೋಮವಾರ ಬೆಳಿಗ್ಗೆ ಬಟನ್ ಒತ್ತಿದೆ. ವಿರೂಪಾಕ್ಷನ ಪೂರ್ತಿ ಮುಖ ಬಂತು, ಹಾಡು ಕೊನೆಯವರೆಗೆ ಹಾಡಿತು, ಊದಿನಕಡ್ಡಿ ಅರ್ಧ ಉರಿಯುವಷ್ಟರಲ್ಲಿ ಮೊದಲ ಲಾರಿಯ ಬಿಲ್ಲು ಹೊರಬಿತ್ತು. ಸಾವ್ಕಾರರು ಅಲ್ಲೇ ನಿಂತು ಸಂಡೂರಿನ ಅಳಿಯನಿಗೆ ಫೋನು ಮಾಡಿದರು: "ಹೊಸಾ ಮೇಡಂ ಎಲ್ಲಾ ಸರಿ ಮಾಡಿದ್ರು ನೋಡಪಾ. ಮಸ್ತ್ ಹುಷಾರ್ ಅದಾರ. ಹೂಂ, ನಮ್ಮ ಹುಡುಗೀನೂ ಅಲ್ಲೇ ಇದ್ಲು."

ಅಲ್ಲೇ ಇದ್ದೆನಂತೆ!

ಆ ಸಂಜೆ ಮನೆಯಲ್ಲಿ ಅಪ್ಪ ಕಾಲು ತೊಳೆದುಕೊಳ್ಳುತ್ತ ಕೇಳಿದ, "ಮೊನ್ನೆ ನಿನ್ನ ಹಿಂದ ನಿಂತಾಕಿ ಯಾರಬೇ?"

"ಹೊಸದಾಗಿ ಬಂದಾಕಿ. ಎಲ್ಲಾ ಆಕೀನೇ ಸರಿ ಮಾಡಿದ್ಲಂತ."

"ಕುಂತಾಕಿ ನೀನ ಅಲ್ಲೇನು?"

"ಹೂಂ."

"ಮತ್ತೇನು?" ಅಂದ. ಅವನಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಲಲಿಲ್ಲ, ಇವತ್ತಿಗೂ ಸಾಲುವುದಿಲ್ಲ.

ಬಿಲ್ಲಿನ ಕೆಲಸ ನನ್ನ ಬಳಿಯೇ ಉಳಿದಿದೆ. ಸುಗ್ಗಿ ಜೋರಾಗಿದೆ. ಆಕೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಲೆಕ್ಕ ನೋಡುತ್ತಾಳೆ. ಬಂದವಳೇ ಬ್ಯಾಗು ಇಳಿಸುತ್ತ, "ಇವತ್ತು ಯಾರ ಪಾಳಿ ಅಕ್ಕಾ?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ಆದರೆ ಆಕೆಯ ಹೊಸಪೇಟೆ ಬಸ್ಸು ಬರುವುದಕ್ಕೆ ಮೊದಲೇ ಬಂದು, ಬಟನ್ ಒತ್ತಿ, ಕುರ್ಚಿಯಲ್ಲಿ ಕೂತಿರುತ್ತೇನೆ.