ಯಾವುದರಂಗ ಐತಿ, ತಾತ?

ಮಾವನವರು ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಸಿಟ್ಟಿನಿಂದ ದೂರ ತಳ್ಳಿದರು. ಅದರ ಜೊತೆಗೆ ಅವರಿಗೆ ಇನ್ನೇನೋ ಬೇಕಿತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಲಕ್ವಾ ಹೊಡೆದು, ಬಳ್ಳಾರಿಯ ಆಸ್ಪತ್ರೆಯಿಂದ ಸಿರುಗುಪ್ಪದ ಮನೆಗೆ ಮರಳಿದಾಗಿನಿಂದ ಹೀಗೇ ಆಗಿತ್ತು. ಮಾತು ಉಳಿದಿತ್ತು, ಹೆಸರುಗಳು ಹೋಗಿದ್ದವು. ನಾನು ಉಪ್ಪು ತಂದೆ, ಮೊಸರು ತಂದೆ. ಎರಡೂ ಅಲ್ಲವೆಂದು ತಲೆಯಾಡಿಸಿದ ಅವರ ಕಣ್ಣು ತುಂಬಿ ಬಂತು.

ಅಲ್ಲೇ ಕೂತು ಹತ್ತನೇ ತರಗತಿಯ ನನ್ನ ಮಗಳು ಪರೀಕ್ಷೆಗೆಂದು ಉಪಮಾಲಂಕಾರ ಓದುತ್ತಿದ್ದಳು. ಪುಸ್ತಕ ಮುಚ್ಚಿ ತಾತನ ಹತ್ತಿರ ಸರಿದಳು.

“ಉಪಮೇಯ ನೆನಪಾಗಲಿಲ್ಲಂದ್ರ ಬಿಡ್ರಿ ತಾತ, ಉಪಮಾನ ಹೇಳ್ರಿ. ಅದು ಯಾವುದರಂಗ ಐತಿ?”

ಮಾವ ಬಹಳ ಹೊತ್ತು ಯೋಚಿಸಿದರು. ಆಮೇಲೆ ಅತ್ತೆಯ ಕಡೆ ನೋಡುತ್ತ, ತಡವರಿಸಿ ಹೇಳಿದರು: “ನಿಮ್ಮಜ್ಜಿ... ಬೈದಂಗ. ಚುರ್ ಅಂತೈತಿ.”

“ಮಿರ್ಚಿ!” ಎಂದು ಮಗಳು ಕೂಗಿದಳು. ಹೌದು ಹೌದೆಂದು ಮಾವ ಮಂಚ ಬಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ. ಡಾಕ್ಟರ್ ಎಣ್ಣೆಯ ತಿಂಡಿ ಬೇಡವೆಂದಿದ್ದರೂ ಅಂದು ಒಂದು ಚೂರು ಮಿರ್ಚಿ ಬಜ್ಜಿ ಕೊಟ್ಟೆವು.

ಈಗ ನಾವ್ಯಾರೂ ಅವರನ್ನು ‘ಏನದು, ಏನದು’ ಎಂದು ಪೀಡಿಸುವುದಿಲ್ಲ. ಯಾವುದರಂತಿದೆ ಎಂದು ಕೇಳಿ, ಕಾಯುತ್ತೇವೆ. ಕೆಲವು ಹೆಸರುಗಳು ತಾವಾಗಿಯೇ ಮರಳುತ್ತಿವೆ. ಮೊನ್ನೆ ಮಾವ ನನ್ನನ್ನು ಹೆಸರು ಹಿಡಿದು ಕರೆದರು. ಕೇಳಿಸಿದರೂ, ಇನ್ನೊಮ್ಮೆ ಕರೆಯಲಿ ಎಂದು ಅಡುಗೆಮನೆಯಲ್ಲೇ ಸುಮ್ಮನೆ ನಿಂತೆ.